ದಂಡೆಯ ಕಾವಲು

ಹೊಗೆಯಾಡುವ ಕೆಂಡಗುಡ್ಡದ ಬಿಸಿನೀರಿನ ಹೊಂಡಕ್ಕೆ ಇಳಿದವರು ತಮ್ಮ ನೋವನ್ನು ನೀರಲ್ಲೇ ಬಿಟ್ಟು ಹೋಗುತ್ತಿದ್ದರು. ಅದು ಕರಗಲು ಒಂದು ತಾಸು ಬೇಕು; ಅದಕ್ಕೂ ಮೊದಲು ನೀರಿಗಿಳಿದವರಿಗೆ ಅದು ಅಂಟಿಕೊಳ್ಳುತ್ತಿತ್ತು. ಅಲ್ಲಿಯವರೆಗೆ ಬಿಟ್ಟವರೇ ದಂಡೆಯಲ್ಲಿ ಕೂತು ಬೇರೆಯವರನ್ನು ತಡೆಯಬೇಕು.

ಹತ್ತು ವರ್ಷದ ಮೊಣಕಾಲು ನೋವನ್ನು ಬಿಟ್ಟು ನೀಲಗಂಗಮ್ಮನೂ ಕಾವಲು ಕೂತಳು. ಕಾಲು ತಾಸೂ ಆಗಿರಲಿಲ್ಲ, ಕೆಳಗೆ ಕೊನೆಯ ಬಸ್ಸು ಹಾರ್ನ್ ಹೊಡೆಯಿತು. ಆಕೆ ಚೀಲ ಎತ್ತಿಕೊಂಡು ಎದ್ದಳು. ಅದೇ ಹೊತ್ತಿಗೆ ಬಳೆ ಮಾರುವ ಹುಡುಗಿಯೊಬ್ಬಳು ಎದುರಾದಳು.

"ಕಾಲು ತೊಳಕೊಂಡು ಬಸ್ಸಿಗೆ ಓಡ್ತೀನ್ರಿ. ನೀರು ತಿಳಿಯಾಗ್ಯಾದೇನ್ರಿ ಅಕ್ಕಾ?"

ಇಲ್ಲ ಎಂದರೆ, ಮತ್ತೆ ನೀವ್ಯಾಕೆ ಎದ್ದಿರಿ ಎಂದು ಕೇಳಿಯಾಳು.

"ಆಗ್ಯಾದವ್ವಾ, ಇಳಿ," ಎಂದ ನೀಲಗಂಗಮ್ಮ ಸರಸರನೆ ಗುಡ್ಡ ಇಳಿದು ಬಸ್ಸು ಹತ್ತಿದಳು.

ಬಸ್ಸು ಹೊರಡುವಾಗ ಆ ಹುಡುಗಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ನರಳುತ್ತ ಹತ್ತಿ ಬಂದಳು. ಖಾಲಿ ಸೀಟಿರಲಿಲ್ಲ. ನೀಲಗಂಗಮ್ಮ ತಡೆಯಲಾರದೆ ಎದ್ದು ನಿಂತಳು.

"ಬಾರವ್ವಾ, ಇಲ್ಲಿ ಕೂಡು."

"ಬ್ಯಾಡ್ರೀ ಅಕ್ಕಾ, ವಯಸ್ಸಾದೋರು ನೀವು. ನಿಮ್ಮ ಮೊಣಕಾಲು ನೋಯ್ತಾವ, ನೀವೇ ಕೂಡ್ರಿ."

ನೀಲಗಂಗಮ್ಮ ಕೂತಳು. ಊರು ಬರುವವರೆಗೂ ತಲೆ ಎತ್ತದೆ, ನೋಯದ ಮೊಣಕಾಲನ್ನು ತಿಕ್ಕುತ್ತಲೇ ಇದ್ದಳು.