ನೆಗೆದು ಬಂದ ಟ್ಯಾಂಕರು

“ನಿಂತಿದ್ದ ಟ್ಯಾಂಕರು ಹುಲಿಯ ಹಾಗೆ ನೆಗೆದು ಬಂದು ನನ್ನ ವಿಮಾನದ ಮೂತಿ ಕಚ್ಚಿತು ಸ್ವಾಮಿ! ನಾನಾಗಿದ್ದಕ್ಕೆ ಬ್ರೇಕು ಒತ್ತಿ ಅದನ್ನ ತಡೆದೆ. ಬೇರೆ ಯಾರಾದ್ರೂ ಆಗಿದ್ದಿದ್ರೆ ಈ ಆಫೀಸು, ಈ ಕುರ್ಚಿ, ಕುರ್ಚಿಯಲ್ಲಿರೋ ನೀವು, ಎಲ್ಲಾ ಸೇರಿ ಸಮುದ್ರದಾಚೆ ಹೋಗಿ ಬೀಳ್ತಿದ್ರಿ.”

ಕ್ಯಾಪ್ಟನ್ ಅಕ್ಕ ಹೆಲ್ಮೆಟ್ಟನ್ನು ಮ್ಯಾನೇಜರನ ಮೇಜಿನ ಮೇಲೆ ಕುಕ್ಕಿದಳು. ಮೇಜು ಇನ್ನೊಂದು ವರ್ಷ ನಡುಗುತ್ತಿತ್ತೇನೋ. ಹೊಲಗಳಿಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನವನ್ನು ತಲೆ ನರೆತರೂ ಬಿಡದೆ ಹಾರಿಸುತ್ತಿದ್ದ ಹೆಂಗಸು ಅವಳು. ಅವಳ ಬಾಯಲ್ಲಿ ತಂಗಾಳಿ ಕೂಡ ಬಿರುಗಾಳಿಯಾಗಿ ಹೊರಬರುತ್ತಿತ್ತು. ಕಿಟಕಿಯಾಚೆ ಆ ವಿಮಾನ ಪೆಟ್ರೋಲ್ ಟ್ಯಾಂಕರಿನ ಬೆನ್ನಿಗೆ ಮುಖ ಹುದುಗಿಸಿಕೊಂಡು ನಿಂತಿತ್ತು. ಪ್ರೊಪೆಲ್ಲರಿನ ಅಲಗುಗಳು ಬಿಸಿಲಿಗಿಟ್ಟ ಮೇಣದಬತ್ತಿಯಂತೆ ಬಾಗಿದ್ದವು.

ಮ್ಯಾನೇಜರ್ ಹೊಸಬ, ಬಸ್ ಡಿಪೋದಿಂದ ಬಂದವನು. ಮೊಬೈಲನ್ನು ಅವಳತ್ತ ತಿರುಗಿಸಿ, ಧೂಳಿನಲ್ಲಿ ಮೂಡಿದ್ದ ಚಕ್ರದ ಗುರುತುಗಳ ಚಿತ್ರ ತೋರಿಸಿದ.

“ಹುಲಿ ಗಿಲಿ ಎಲ್ಲಾ ಬೇಡ ಮೇಡಂ, ನಿಮ್ಮದು ಎಳ್ಳಷ್ಟೂ ತಪ್ಪಿಲ್ಲ. ನೋಡಿ, ಗೆರೆ ಎಳೆದ ಹಾಗೆ ನೇರ ಬಂದಿದ್ದೀರಿ. ಇಷ್ಟು ನೇರ ಬರೋರಿಗೆ ಅಡ್ಡ ನಿಲ್ಲಿಸಿದ್ದು ಇವನ ತಪ್ಪು.” ಬಾಗಿಲ ಬಳಿ ಟೋಪಿ ಹಿಂಡುತ್ತ ನಿಂತಿದ್ದ ಟ್ಯಾಂಕರಿನ ಡ್ರೈವರನತ್ತ ತಿರುಗಿದ. “ನಾಳೆಯಿಂದ ನೀನು ಬರೋದು ಬೇಡಪ್ಪ.”

“ಅಯ್ಯೋ, ನಾನು ದೂರು ಹೇಳಿದ್ದು ಟ್ಯಾಂಕರಿನ ಮೇಲೆ, ಇವನ ಮೇಲಲ್ಲ!” ಎಂದಳು ಅಕ್ಕ.

“ಟ್ಯಾಂಕರನ್ನ ಕೆಲಸದಿಂದ ತೆಗೆಯೋಕಾಗತ್ತಾ ಮೇಡಂ?”

ಡ್ರೈವರ್ ಮ್ಯಾನೇಜರನನ್ನು ನೋಡುತ್ತಿರಲಿಲ್ಲ. ಮೊಬೈಲನ್ನೇ ನೋಡುತ್ತಿದ್ದ. ಕೆಲಸ ಹೋದದ್ದಕ್ಕಿಂತ ದೊಡ್ಡ ಆಶ್ಚರ್ಯ ಅವನಿಗೆ ಅಲ್ಲಿ ಕಂಡಿತ್ತು.

“ನೀವು ನೇರ ಬಂದ್ರಾ ಅಕ್ಕಾ?”

ಸುಳ್ಳಿಗೆ ಎಂದೂ ಬರಗಾಲವಿಲ್ಲದ ಅವಳು ಹೆಲ್ಮೆಟ್ಟಿನತ್ತ ಕೈ ಚಾಚಿದಳು. ಸುಮ್ಮನೆ ಎದ್ದು ಹೋದರೆ ಆಯಿತು. ಲೈಸೆನ್ಸು ಉಳಿಯುತ್ತದೆ, ಆಕಾಶ ಉಳಿಯುತ್ತದೆ. ಅವಳು ಎದ್ದಳು. ಬಾಗಿಲ ತನಕ ಹೋಗಿ, ಡ್ರೈವರನ ಭುಜ ಹಿಡಿದು ಎಳೆದುಕೊಂಡು ಬಂದು ತನ್ನ ಕುರ್ಚಿಯಲ್ಲಿ ಕೂರಿಸಿದಳು.

“ನೇರ ಬಂದದ್ದೇ ತಪ್ಪು ಸ್ವಾಮಿ. ಇದು ನಿಮ್ಮ ಬಸ್ಸಲ್ಲ. ನೆಲದ ಮೇಲಿರೋವಾಗ ಈ ವಿಮಾನ ಬಾಲ ಊರಿ, ಮೂಗು ಮೇಲೆತ್ತಿ ಕೂತಿರತ್ತೆ. ಎದುರಿಗೆ ಆನೆ ಇದ್ರೂ ಒಳಗಿರೋರಿಗೆ ಕಾಣಲ್ಲ. ಅದಕ್ಕೇ ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ತಿರುಗಿಸ್ತಾ, ಪಕ್ಕದಿಂದ ಇಣುಕಿ ನೋಡ್ತಾ ಬರಬೇಕು. ಇಷ್ಟು ವರ್ಷ ಹಾಗೇ ಬಂದಿದ್ದೀನಿ. ನಿನ್ನೆ ನೀವು ಕ್ಯಾಂಟೀನಲ್ಲಿ ಎಲ್ಲರ ಮುಂದೆ ಏನಂದ್ರಿ?”

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದ. “ತಮಾಷೆಗೆ ಅಂದೆ.”

“ಮುದುಕಿಯ ಕೈ ನಡುಗತ್ತೆ, ವಿಮಾನ ಕುಡಿದವರ ಹಾಗೆ ತೂರಾಡತ್ತೆ ಅಂದ್ರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದಕ್ಕೇ ಇವತ್ತು ನೇರ ಬಂದೆ.” ಅವಳು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ಹಿಡಿದಳು. ಒಂದು ಬೆರಳೂ ಅಲುಗಲಿಲ್ಲ. “ರಿಪೋರ್ಟಲ್ಲಿ ಇವನ ಹೆಸರು ಬೇಡ, ನನ್ನದು ಬರ್ಕೊಳ್ಳಿ. ಲೈಸೆನ್ಸು ಕೊಟ್ಟವರು ಅದನ್ನ ಕಿತ್ಕೊಳ್ತಾರೆ, ಕಿತ್ಕೊಳ್ಳಲಿ. ವಾಪಸ್ ಕೊಡೋ ತನಕ ಅವರ ಬಾಗಿಲಲ್ಲೇ ಕೂತಿರ್ತೀನಿ.”

“ಆದರೂ ಮೇಡಂ, ಪಕ್ಕಕ್ಕಾದ್ರೂ ಕಾಣಿಸ್ತಿತ್ತಲ್ಲ?”

“ಕಾಣಿಸ್ತಿತ್ತು. ಪಕ್ಕದಲ್ಲಿ ನಿಮ್ಮ ಈ ಕಿಟಕಿ ಇತ್ತು,” ಎಂದಳು. ಮೊದಲ ಸಲ ಅವಳ ಮಾತು ಇದ್ದದ್ದನ್ನು ಇದ್ದಷ್ಟೇ ಹೇಳಿತು. “ನೀವು ನೋಡ್ತಿದ್ದೀರೋ ಇಲ್ವೋ ಅಂತ ದಾರಿಯುದ್ದಕ್ಕೂ ಇದನ್ನೇ ನೋಡ್ಕೊಂಡು ಬಂದೆ.”