ಪಠ್ಯೇತರ

ಬಸವಣಪ್ಪ ಸರ್ ಕುರ್ಚಿ ಎಳೆದುಕೊಂಡು ಅಜೀತನ ಪಕ್ಕ ಕೂತರು. “ಈಗ ಹಳೇ ವಿದ್ಯಾರ್ಥಿಗಳ ಪುಟದಾಗ ನಿಂದೂ ಬರಿ. ಕಾಲೇಜಿನ ವೆಬ್‌ಸೈಟ್ ಮಾಡಿದಂವನ ಹೆಸರೇ ಅದರಾಗ ಇಲ್ಲಂದ್ರ ಹ್ಯಾಂಗ?”

ಹುಮನಾಬಾದಿನ ಆ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ ಅಜೀತ ಈಗ ಬಸವಕಲ್ಯಾಣದಲ್ಲಿ ಪುಟ್ಟ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. 2004ರ ಆ ದಿನಗಳಲ್ಲಿ ವೆಬ್‌ಸೈಟ್ ಎಂದರೆ ಏನೆಂದು ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವರು ಕೈ ಬಿಚ್ಚುತ್ತಿರಲಿಲ್ಲ. ಮಗನ ಹೆಸರು ಕಂಪ್ಯೂಟರಿನಲ್ಲಿ ಬರುತ್ತದೆಂದು ಕೇಳಿ ಅಪ್ಪ ಮಚ್ಚೇಂದ್ರ ಇಸ್ತ್ರಿ ಅಂಗಿ ತೊಟ್ಟು ಮೋರಖಂಡಿಯಿಂದ ಬಂದಿದ್ದರು. ಸೆಂಟರಿನ ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದರು.

‘ಶಿಕ್ಷಣ’ದ ಕೆಳಗೆ ಅಜೀತ ಬಿ.ಎಸ್ಸಿ. ಎಂದು ಬರೆದ. ‘ಪಠ್ಯೇತರ ಚಟುವಟಿಕೆ’ಗೆ ಬಂದಾಗ ಬೆರಳು ನಿಂತವು.

“ಏನ್ ವಿಚಾರ ಮಾಡಾಕತ್ತಿ? ಹಲಗಿ ವಾದನ, ಯುವಜನೋತ್ಸವದಾಗ ಪ್ರಥಮ. ಬರಿ,” ಎಂದು ಸರ್ ಹಿಂದೆ ತಿರುಗಿ ಮಚ್ಚೇಂದ್ರರನ್ನು ನೋಡಿ ನಕ್ಕರು. “ಏನ್ ಬಾರಸ್ತಿದ್ದ ರೀ ನಿಮ್ಮ ಮಗ! ರಕ್ತದಾಗೇ ಬಂದದ, ಮತ್ತೇನ್.”

ಮಚ್ಚೇಂದ್ರ ನಗಲಿಲ್ಲ. “ನಮ್ಮ ಮನ್ಯಾಗ ಹಲಗಿ ಇಲ್ರಿ ಸರ್. ನಮ್ಮಪ್ಪ ಬೌದ್ಧ ದೀಕ್ಷಾ ತಗೊಂಡ ದಿನಾನೇ, ಇನ್ನ ಊರ ಚಾಕರಿ ಬಾರಸೂದಿಲ್ಲಂತ ಅದನ್ನ ಒಲಿಗಿ ಹಾಕ್ಯಾನ. ನಾ ಒಮ್ಮಿನೂ ಮುಟ್ಟಿಲ್ಲ.” ಆಮೇಲೆ ಮಗನನ್ನು ಕೇಳಿದರು. “ಮತ್ತ ಆ ಬಹುಮಾನದ ಕಪ್ಪು? ಚರ್ಚಾ ಸ್ಪರ್ಧಾದ್ದು ಅಂದಿದ್ದಿ.”

ಆ ಕಪ್ಪನ್ನು ಅವರು ಬುದ್ಧನ ಫೋಟೋದ ಪಕ್ಕ ಇಟ್ಟಿದ್ದರು. ಮನೆಗೆ ಬಂದವರು ಅದನ್ನು ನೋಡದೆ ಹೋಗುವಂತಿರಲಿಲ್ಲ. ಅಜೀತ ಕುರ್ಚಿ ತಿರುಗಿಸಿ ಅಪ್ಪನತ್ತ ಮುಖ ಮಾಡಿದ.

“ಸುಳ್ಳ ಹೇಳಿದ್ದೆ ಅಪ್ಪಾ. ಅದು ಹಲಗಿದೇ. ನಾ ಹೆಸರು ಕೊಟ್ಟಿದ್ದು ಚರ್ಚಾಕ್ಕ. ಸರ್ ನನ್ನ ಊರು, ಓಣಿ ಕೇಳಿದ್ರು. ಹಲಗಿ ತಂದು ಕೈಯಾಗ ಕೊಟ್ರು. ನನಗ ಬರೂದಿಲ್ರಿ ಅಂದ್ರ ನಂಬಲಿಲ್ಲ. ಕಾಲೇಜಿನ್ಯಾಗೇ ಕಲಿತೆ.”

ಆ ಕಡೆ ಓಣಿ ಕೇಳಿದರೆ ಸಾಕು, ಜಾತಿಯನ್ನು ಬೇರೆ ಕೇಳಬೇಕಾಗಿಲ್ಲ.

“ಈಗ ಯಾಕ ಅದೆಲ್ಲ, ತಮ್ಮಾ?” ಎಂದರು ಸರ್. “ಬಹುಮಾನ ಬಂತೋ ಇಲ್ಲೋ?”

“ಬಂತ್ರಿ.” ಅಜೀತ ಕೀಲಿಮಣೆಗೆ ಕೈ ಹಾಕಿ ‘ಹಲಗೆ ವಾದನ’ ಎಂದು ಬರೆದ. ಬರೆದದ್ದು ಬಿ.ಎಸ್ಸಿ.ಯ ಕೆಳಗೆ, ‘ಶಿಕ್ಷಣ’ದಲ್ಲಿ.

“ಏ, ಜಾಗಾ ತಪ್ಪಿದಿ ನೋಡು.”

“ಬರೋಬ್ಬರಿ ಅದರಿ. ಕಾಲೇಜಿನ್ಯಾಗ ನೀವು ಕಲಿಸಿದ್ದು ಅದೇ ಅಲ್ರಿ?” ‘ಪಠ್ಯೇತರ’ದ ಮುಂದೆ ಅವನು ‘ಚರ್ಚಾ ಸ್ಪರ್ಧೆ’ ಎಂದು ಬರೆದ. ಸ್ವಲ್ಪ ತಡೆದು, ‘ಹೆಸರು ಕೊಟ್ಟಿದ್ದೆ, ಕರೆಯಲಿಲ್ಲ’ ಎಂದು ಸೇರಿಸಿದ.

“ಇದನ್ನ ಪ್ರಿನ್ಸಿಪಾಲ್ರು ತೆಗಸ್ತಾರ.”

“ತೆಗಸ್ಲಿರಿ. ಅಪ್ಪ ಒಮ್ಮೆ ಓದಲಿ.”

ಮಚ್ಚೇಂದ್ರ ಎದ್ದು ಬಂದು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿದ ಮೇಲೂ ಬೈಯಲಿಲ್ಲ. ಅದು ಅಜೀತನಿಗೆ ಇನ್ನೂ ಕಷ್ಟವಾಯಿತು.

“ಚರ್ಚಾದ ವಿಷಯ ಏನಿತ್ತು?” ಎಂದು ಕೇಳಿದರು.

“ಕಂಪ್ಯೂಟರ್ ಬಂದ್ರ ನೌಕರಿ ಹೋಗ್ತಾವೋ, ಬರ್ತಾವೋ ಅಂತ.”

ಸರ್ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ತಿರುಗಿದ್ದರು. ಮಚ್ಚೇಂದ್ರ ಅವರ ಕುರ್ಚಿಯನ್ನು ಮಗನ ಎದುರಿಗೆ ಸರಿಸಿ ಇಟ್ಟರು.

“ಕುಂದರ್ರಿ ಸರ್. ಹುಡುಗ ಈಗ ಮಾತಾಡ್ತಾನ.”