ಕೊನೆಯ ಪಂಕ್ತಿ

"ಅಣ್ಣಾ, ಹೊತ್ತು ಮುಳುಗ್ತಾ ಐತೆ. ಬಡಿಸಿದ್ದು ಸಾಕು, ಬಾ ಕೂತ್ಕೊ," ಎಂದು ಮದುವಣಗಿತ್ತಿ ಕಾಂಚನಮಾಲಾ ಪಕ್ಕದ ಖಾಲಿ ಎಲೆ ತೋರಿಸಿದಳು. ಕೊನೆಯ ಪಂಕ್ತಿ ಮಜ್ಜಿಗೆಗೆ ಬಂದಿದ್ದರೂ ನಾಗಕುಮಾರ ಸಾರಿನ ಬಕೆಟ್ಟನ್ನು ಕೆಳಗಿಟ್ಟಿರಲಿಲ್ಲ. ಜೈನರ ಮನೆ; ಕತ್ತಲಾದ ಮೇಲೆ ಯಾರೂ ತುತ್ತು ಮುಟ್ಟುವ ಹಾಗಿಲ್ಲ.

ಕಾಲೇಜಿನ ಫುಟ್‌ಬಾಲ್ ಮ್ಯಾಚಿನಲ್ಲಿ ಮುರಿದ ಅವನ ಮಂಡಿ ಮತ್ತೆ ಮಡಚಿರಲಿಲ್ಲ. ಅವನು ಕುಂಟುವುದನ್ನು ಹಳೇಬೀಡೆಲ್ಲ ನೋಡಿತ್ತು. ನೆಲಕ್ಕೆ ಕೂರಲಾಗದ್ದನ್ನು ಮಾತ್ರ ಅವನು ಯಾರಿಗೂ ತೋರಿಸಿರಲಿಲ್ಲ. ಅದಕ್ಕೇ ಯಾರ ಮನೆಯ ಮದುವೆಯಾದರೂ ಬಕೆಟ್ ಹಿಡಿದು ಮೊದಲು ನಿಲ್ಲುತ್ತಿದ್ದ. "ಬಡಿಸೋಕೆ ನಿಂತ್ರೆ ನಾಗಕುಮಾರನೇ ಸೈ" ಎಂದು ಜನ ಹೊಗಳಿದರೆ, ಹಿಂದೆ ಗೋಲು ಹೊಡೆದಾಗ ನಕ್ಕಂತೆಯೇ ನಗುತ್ತಿದ್ದ.

ಅಷ್ಟರಲ್ಲಿ ಅಮ್ಮ ಕುರ್ಚಿ ಹೊತ್ತು ತಂದಳು. ಎದ್ದು ನಡೆಯಲಾರದ ತಾತನಿಗೆಂದು ತರಿಸಿದ್ದ ಕುರ್ಚಿ ಅದು. ಪಂಕ್ತಿಯ ತುದಿಯಲ್ಲಿಟ್ಟು, ಮುಂದೆ ಸ್ಟೂಲಿನ ಮೇಲೆ ಎಲೆ ಹಾಸಿ, "ಬೆಳಗಿಂದ ಏನೂ ತಿಂದಿಲ್ಲ ನೀನು. ಇಲ್ಲಿ ಕೂತ್ಕೊಳಪ್ಪ," ಎಂದಳು. ಎಲ್ಲರ ಕೈಗಳೂ ಎಲೆಯ ಮೇಲೇ ನಿಂತವು.

ನಾಗಕುಮಾರ ಕುರ್ಚಿಗೆ ಬೆನ್ನು ಹಾಕಿದ. ಕಾಲೆಳೆದುಕೊಂಡು ಪಂಕ್ತಿಯುದ್ದಕ್ಕೂ, "ಸಾರು... ಸಾರು ಯಾರಿಗೆ?" ಎಂದು ಕೂಗುತ್ತಾ ಹೊರಟ. ಒಬ್ಬೊಬ್ಬರೂ ಎಲೆಗೆ ಕೈ ಅಡ್ಡ ಹಿಡಿದರು. ಕಾಂಚನಮಾಲಾ ಕಲಸಿದ ಮಜ್ಜಿಗೆ ಅನ್ನದ ನಡುವೆ ಬೆರಳಿನಿಂದ ಗುಳಿ ಮಾಡಿ, ತಲೆಯೆತ್ತದೆ, "ನನಗೆ ಹಾಕಣ್ಣಾ," ಎಂದಳು.